ಹುಷಾರಿಲ್ಲ ಎನ್ನುವ ಅನುಕೂಲ ಯಾರಿಗಿದೆ?

ನಂಜನಗೂಡು ತಾಲ್ಲೂಕಿನ ಹೆಮ್ಮರಗಾಲದ ಸಂತಾನ ವೇಣುಗೋಪಾಲಕೃಷ್ಣ ಸ್ವಾಮಿ ದೇವಸ್ಥಾನಕ್ಕೆ ಮಕ್ಕಳಿಲ್ಲದ ದಂಪತಿ ಹರಕೆ ಹೊತ್ತು ಬರುತ್ತಾರೆ. ಬೆಂಗಳೂರಿನಿಂದ ಕಾರಿನಲ್ಲಿ ಬರುವವರಿದ್ದಾರೆ, ಪಕ್ಕದ ಹೋಬಳಿಯಿಂದ ಬಸ್ಸು ಹಿಡಿದು ಬರುವವರೂ ಇದ್ದಾರೆ. ದೇವರ ಮುಂದೆ ಎಲ್ಲರ ಬೇಡಿಕೆಯೂ ಒಂದೇ. ತಮಗೆ ಏನಾಗಿದೆ ಎಂಬ ತಿಳಿವಳಿಕೆ ಮಾತ್ರ ಬೇರೆ ಬೇರೆ. ಹಣ, ಓದು, ಪೇಟೆಯ ಒಡನಾಟ ಇರುವವರಿಗೆ ಅದು ಸ್ಕ್ಯಾನಿಂಗ್, ಹಾರ್ಮೋನು, ಐವಿಎಫ್ ಎಂಬ ದಾರಿಗಳಿರುವ ವೈದ್ಯಕೀಯ ಸಮಸ್ಯೆ. ಹರಕೆ ಆ ಚಿಕಿತ್ಸೆಯ ಬೆನ್ನಿಗಿರುವ ಬಲ. ಕೂಲಿಯನ್ನೇ ನಂಬಿದ ಮನೆಯಲ್ಲಿ ಅದು ಹಣೆಬರಹ ಎನಿಸಿಕೊಳ್ಳುವುದೇ ಹೆಚ್ಚು, ಇಲ್ಲವೇ ಸೊಸೆಯ ದೋಷ. ವಿಶ್ವ ಆರೋಗ್ಯ ಸಂಸ್ಥೆ ಬಂಜೆತನವನ್ನು ಗಂಡು, ಹೆಣ್ಣು ಇಬ್ಬರಿಗೂ ಬರಬಹುದಾದ ಕಾಯಿಲೆ ಎಂದೇ ಗುರುತಿಸಿದೆ. ಜಗತ್ತಿನಲ್ಲಿ ಆರು ಮಂದಿಯಲ್ಲಿ ಒಬ್ಬರು ಬದುಕಿನ ಯಾವುದೋ ಹಂತದಲ್ಲಿ ಇದನ್ನು ಎದುರಿಸುತ್ತಾರೆ ಎಂದು 2023ರ ಅದರ ವರದಿ ಹೇಳುತ್ತದೆ. ಆದರೆ ಈ ತಿಳಿವಳಿಕೆ ಎಲ್ಲ ಮನೆಗಳಿಗೂ ಒಂದೇ ಹೊತ್ತಿಗೆ ತಲುಪುವುದಿಲ್ಲ.

ಮೈಗೆ ಆಗಿರುವುದನ್ನು ಕಾಯಿಲೆ ಎಂದು ಗುರುತಿಸುವುದಕ್ಕೂ ಒಂದು ಅನುಕೂಲ ಬೇಕು. ಬಿಡುವು, ಹಣ, ಮಾತು ಕೇಳಿಸಿಕೊಳ್ಳುವ ಜನ ಇದ್ದವರು ಬೇಗ ಗುರುತಿಸಿಕೊಳ್ಳುತ್ತಾರೆ. ಇವು ಇಲ್ಲದವರು ನೋವನ್ನು ದಿನಚರಿಯೊಳಗೆ ಸೇರಿಸಿಕೊಂಡುಬಿಡುತ್ತಾರೆ. ನಮ್ಮ ಆರೋಗ್ಯ ವ್ಯವಸ್ಥೆ ಮಾತ್ರ ಬಾಯಿಬಿಟ್ಟು ಹೇಳಿಕೊಂಡವರನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತದೆ.

ಅಂಕಿಅಂಶಗಳಲ್ಲಿ ಈ ವಿಚಿತ್ರ ಎದ್ದು ಕಾಣುತ್ತದೆ. ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದ ಪುಟ್ಟ ಲೇಖನ ಇದನ್ನೇ ಎತ್ತಿ ತೋರಿಸಿತು. ದೇಶದಲ್ಲಿ ಹೆಚ್ಚು ಕಾಲ ಬದುಕುವ ಕೇರಳದ ಜನರೇ ತಮಗೆ ಕಾಯಿಲೆ ಇದೆ ಎಂದು ಹೆಚ್ಚು ಹೇಳುತ್ತಾರೆ. ಆಯುಸ್ಸು ಕಡಿಮೆ ಇರುವ ಬಿಹಾರದವರು ತೀರಾ ಕಡಿಮೆ ಹೇಳುತ್ತಾರೆ. ಅಮೆರಿಕದವರು ಕೇರಳವನ್ನೂ ಮೀರಿಸುತ್ತಾರೆ. ಹೇಳಿಕೆಯನ್ನೇ ನಂಬಿದರೆ ಬಿಹಾರವೇ ಆರೋಗ್ಯವಂತ ರಾಜ್ಯ ಎನ್ನಬೇಕಾಗುತ್ತದೆ. 2017–18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲೂ ಕಂಡದ್ದು ಇದೇ ಬಗೆಯ ಚಿತ್ರ. ಹಿಂದಿನ 15 ದಿನಗಳಲ್ಲಿ ಹುಷಾರು ತಪ್ಪಿತ್ತು ಎಂದವರು ನಗರಗಳಲ್ಲಿ ಶೇ 9.1, ಹಳ್ಳಿಗಳಲ್ಲಿ ಶೇ 6.8. ಮನೆಯ ಖರ್ಚಿನ ಮಟ್ಟ ಏರಿದಂತೆ ಕಾಯಿಲೆ ಹೇಳಿಕೊಂಡವರ ಪ್ರಮಾಣವೂ ಏರಿತ್ತು. ಉಳ್ಳವರ ಮೈ ಬಡವರ ಮೈಗಿಂತ ದುರ್ಬಲ ಎಂದು ಯಾರೂ ಇದಕ್ಕೆ ಅರ್ಥ ಹಚ್ಚಲಾರರು.

ಕಾರಣ ಹುಡುಕಲು ದೂರ ಹೋಗಬೇಕಿಲ್ಲ, ನಂಜನಗೂಡು ತಾಲ್ಲೂಕನ್ನೇ ನೋಡಬಹುದು. ಇಲ್ಲಿನ ಕೈಗಾರಿಕಾ ಪ್ರದೇಶದಲ್ಲಿ ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ವ್ಯಾಪ್ತಿಗೆ ಬರುವ ಕಾರ್ಮಿಕರೊಬ್ಬರಿಗೆ ಸೊಂಟ ಹಿಡಿದುಕೊಂಡರೆ ವೈದ್ಯರ ಪ್ರಮಾಣಪತ್ರದ ಮೇಲೆ ರಜೆ ಸಿಗುತ್ತದೆ, ವರ್ಷಕ್ಕೆ 91 ದಿನಗಳವರೆಗೆ ಕೂಲಿಯ ಶೇ 70ರಷ್ಟು ಕೈಗೆ ಬರುತ್ತದೆ. ಕಬಿನಿ ನಾಲೆಯ ಬಯಲಿನಲ್ಲಿ ನಾಟಿ ಹಾಕುವ, ಕಬ್ಬು ಕಡಿಯುವ ಹೆಂಗಸಿಗೆ ಅದೇ ಸೊಂಟನೋವು ಬಂದರೆ ಪ್ರಮಾಣಪತ್ರ ಬರೆಯುವವರೂ ಇಲ್ಲ, ಅದನ್ನು ಕೇಳುವವರೂ ಇಲ್ಲ. ಆಸ್ಪತ್ರೆಗೆ ಹೋದರೆ ಅವತ್ತಿನ ಕೂಲಿ ಹೋಯಿತು, ಬಸ್ಸಿನ ದುಡ್ಡು ಹೋಯಿತು, ಹೊರಗಡೆ ಬರೆದುಕೊಟ್ಟ ಮಾತ್ರೆಯ ಖರ್ಚು ಬೇರೆ. ಮಾರನೇ ದಿನ ಮೇಸ್ತ್ರಿ ತನ್ನನ್ನು ಕರೆಯದೇ ಇರಬಹುದು ಎಂಬ ಅಂಜಿಕೆಯೂ ಇರುತ್ತದೆ. ಇಷ್ಟೆಲ್ಲ ಲೆಕ್ಕ ಹಾಕಿದ ಮೇಲೆ ‘ಆಸ್ಪತ್ರೆಗೆ ಹೋಗುವಷ್ಟೇನಿಲ್ಲ’ ಎಂಬ ಮಾತು ಬರುತ್ತದೆ. ಹೊರಗಿನವರಿಗೆ ಇದು ಅಜ್ಞಾನದಂತೆ ಕಾಣುತ್ತದೆ. ಅವಳ ಮಟ್ಟಿಗೆ ಅದು ಸರಿಯಾಗಿ ಕೂಡಿ ಕಳೆದು ಬಂದ ಉತ್ತರ.

ಇಂಥ ಲೆಕ್ಕ ವರ್ಷಗಟ್ಟಲೆ ನಡೆದರೆ ನೋವಿನ ಅಳತೆಗೋಲೇ ಬದಲಾಗುತ್ತದೆ. ಅಮೆರಿಕದ ಸಮಾಜಶಾಸ್ತ್ರಜ್ಞ ಅರ್ಲ್ ಕೂಸ್ ಪುಟ್ಟ ಪಟ್ಟಣವೊಂದನ್ನು ಅಧ್ಯಯನ ಮಾಡಿ 1954ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಮೇಲ್ವರ್ಗದವರು ವೈದ್ಯರಿಗೆ ತೋರಿಸಲೇಬೇಕು ಎಂದುಕೊಂಡ ಎಷ್ಟೋ ಲಕ್ಷಣಗಳನ್ನು ಕೆಳವರ್ಗದವರು ಕಾಯಿಲೆಯ ಪಟ್ಟಿಗೇ ಸೇರಿಸಿರಲಿಲ್ಲ. ಬೆನ್ನುನೋವು ಅಂಥದ್ದರಲ್ಲಿ ಒಂದು. ಸುತ್ತಲಿನ ಎಲ್ಲರಿಗೂ ಬೆನ್ನು ನೋಯುತ್ತಿದ್ದರೆ ಅದು ದುಡಿಮೆಯ ಭಾಗ ಎನಿಸಿಕೊಳ್ಳುತ್ತದೆ.

ನಮ್ಮಲ್ಲಿ ಆ ಜಾಗ ರಕ್ತಹೀನತೆಯದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ ಇದೆ. ಸಮೀಕ್ಷೆಯವರು ಬೆರಳಿಗೆ ಚುಚ್ಚಿ ರಕ್ತ ಪರೀಕ್ಷಿಸಿದ್ದರಿಂದ ಈ ಸಂಖ್ಯೆ ಸಿಕ್ಕಿತು. ‘ನಿಮಗೆ ಕಾಯಿಲೆ ಇದೆಯೇ’ ಎಂದು ಕೇಳಿದ್ದರೆ ಇವರಲ್ಲಿ ಬಹುಪಾಲು ಮಂದಿ ಇಲ್ಲ ಎನ್ನುತ್ತಿದ್ದರು. ಸುಸ್ತು, ಏದುಸಿರು, ಎದ್ದು ನಿಂತಾಗ ಕಣ್ಣು ಕತ್ತಲೆ ಬರುವುದು ಇವೆಲ್ಲ ಹೆಂಗಸಾದವಳಿಗೆ ಇದ್ದದ್ದೇ ಎಂಬ ಲೆಕ್ಕ. ತೀರಾ ಆಗದಿದ್ದರೆ ಒಂದು ಗ್ಲೂಕೋಸ್ ಹಾಕಿಸಿಕೊಂಡು ಮತ್ತೆ ಕೆಲಸಕ್ಕೆ ಇಳಿಯುವುದು.

ವರ್ಗದ ಜೊತೆಗೆ ಲಿಂಗವೂ ಇಲ್ಲಿ ಕೈಜೋಡಿಸುತ್ತದೆ. ಬಂಗಾಳದ ಕ್ಷಾಮದ ಮರುವರ್ಷ, 1944ರಲ್ಲಿ, ಸಿಂಗೂರಿನಲ್ಲಿ ನಡೆದ ಸಮೀಕ್ಷೆಯನ್ನು ಸೇನ್ ಹಲವೆಡೆ ನೆನೆಯುತ್ತಾರೆ. ಹೆಂಡತಿ ಕಳೆದುಕೊಂಡ ಗಂಡಸರಲ್ಲಿ ಶೇ 48.5 ಮಂದಿ ತಮಗೆ ಕಾಯಿಲೆ ಎಂದರೆ, ವಿಧವೆಯರಲ್ಲಿ ಹಾಗೆಂದವರು ಶೇ 2.5 ಮಾತ್ರ. 1980ರ ದಶಕದಲ್ಲಿ ಕರ್ನಾಟಕದ ಹಳ್ಳಿಗಳಲ್ಲಿ ಪಿ.ಎಚ್. ರೆಡ್ಡಿ ಅವರ ಜೊತೆ ಕೆಲಸ ಮಾಡಿದ ಸಂಶೋಧಕರಾದ ಜಾನ್ ಮತ್ತು ಪ್ಯಾಟ್ ಕಾಲ್ಡ್‌ವೆಲ್, ಮಗುವಿಗೆ ಹುಷಾರಿಲ್ಲ ಎಂದು ತೀರ್ಮಾನಿಸುವ ಅಧಿಕಾರ ತಾಯಿಗಿಂತ ಮನೆಯ ಹಿರಿಯರ ಕೈಯಲ್ಲಿತ್ತು, ತಾಯಿ ಓದಿದವಳಾದಾಗ ಅದು ಬದಲಾಗುತ್ತಿತ್ತು ಎಂದು ಗುರುತಿಸಿದರು. ಕೊಪ್ಪಳ ಜಿಲ್ಲೆಯಲ್ಲಿ ಗೀತಾ ಸೇನ್, ಅದಿತಿ ಅಯ್ಯರ್ ಮತ್ತು ಆಶಾ ಜಾರ್ಜ್ ನಡೆಸಿದ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಚಿಕಿತ್ಸೆ ಶುರುವೇ ಆಗದಿರುವುದು, ನಡುವೆಯೇ ನಿಂತುಹೋಗುವುದು ಬಡವರ ಮನೆಗಳಲ್ಲಿ, ಅದರಲ್ಲೂ ಹೆಂಗಸರ ಪಾಲಿಗೆ ಹೆಚ್ಚು ಎಂಬುದನ್ನು ಅದು ತೋರಿಸಿತು.

ಈ ವಾದಕ್ಕೆ ಆಕ್ಷೇಪವೂ ಉಂಟು. ಸಂಶೋಧಕ ಎಸ್.ವಿ. ಸುಬ್ರಮಣಿಯನ್ ಮತ್ತು ಸಂಗಡಿಗರು 2009ರಲ್ಲಿ ಭಾರತದ ದತ್ತಾಂಶವನ್ನೇ ಹಿಡಿದು ಅಮರ್ತ್ಯ ಸೇನ್ ಅವರ ಮಾತನ್ನು ಪ್ರಶ್ನಿಸಿದರು. ‘ಒಟ್ಟಾರೆ ನಿಮ್ಮ ಆರೋಗ್ಯ ಹೇಗಿದೆ’ ಎಂದು ಕೇಳಿದಾಗ, ಕಡಿಮೆ ಓದಿದ ಬಡವರೇ ‘ಚೆನ್ನಾಗಿಲ್ಲ’ ಎಂದು ಹೆಚ್ಚು ಹೇಳುತ್ತಾರೆ ಎಂಬುದು ಅವರ ವಾದ. ಇದನ್ನು ತಳ್ಳಿಹಾಕುವಂತಿಲ್ಲ. ಬಡವರಿಗೆ ತಮ್ಮ ಮೈಯ ಅರಿವಿಲ್ಲ ಎನ್ನುವ ಸಲೀಸು ತೀರ್ಮಾನಕ್ಕೆ ಇದು ಒಳ್ಳೆಯ ಉತ್ತರ. ಮೈ ಸೋತಿದೆ ಎಂಬುದು ಅವರಿಗೆ ಗೊತ್ತು. ಸೋತ ಮೈಗೆ ವೈದ್ಯರು ಕೊಡುವ ಹೆಸರು ಗೊತ್ತಿಲ್ಲ, ಏಕೆಂದರೆ ಆ ಹೆಸರು ಸಿಗುವುದು ತಪಾಸಣೆಗೆ ಹೋದವರಿಗೆ. ಕರ್ನಾಟಕವೂ ಸೇರಿ ಆರು ರಾಜ್ಯಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಡೆಸಿದ ಸಮೀಕ್ಷೆಯ ದತ್ತಾಂಶವನ್ನು 2013ರಲ್ಲಿ ವಿಶ್ಲೇಷಿಸಿದವರಿಗೂ ಇದೇ ಕಂಡಿತು. ‘ವೈದ್ಯರು ಹೇಳಿದ ಕಾಯಿಲೆ’ ಯಾವುದು ಎಂದು ಕೇಳಿದಾಗ ದೀರ್ಘಕಾಲೀನ ರೋಗಗಳು ಉಳ್ಳವರ ಪಾಲಿನವು ಎನಿಸಿದವು. ಲಕ್ಷಣ ಕೇಳಿ, ಅಳೆದು ನೋಡಿದಾಗ ಹಲವು ರೋಗಗಳ ಭಾರ ಬಡವರ ಕಡೆಗೆ ವಾಲಿತು. ಶುಗರ್, ಬಿಪಿ ಶ್ರೀಮಂತರ ಕಾಯಿಲೆ ಎಂಬ ನಂಬಿಕೆಯನ್ನು ಈ ಬೆಳಕಿನಲ್ಲಿ ಮತ್ತೆ ನೋಡಬೇಕು. ಹೆಲ್ತ್ ಪ್ಯಾಕೇಜ್ ಮಾಡಿಸಿಕೊಂಡು ವರ್ಷವರ್ಷ ರಿಪೋರ್ಟ್ ಇಟ್ಟುಕೊಳ್ಳುವವರಿಗೆ ಕಾಯಿಲೆ ಬೇಗ ಪತ್ತೆಯಾಗುತ್ತದೆ. ಉಳಿದವರಿಗೆ ಪತ್ತೆಯಾಗುವುದು ಕಾಲಿನ ಗಾಯ ಮಾಯದೇ ಇದ್ದಾಗ, ಇಲ್ಲವೇ ಲಕ್ವ ಹೊಡೆದು ಮೈಸೂರಿನ ದೊಡ್ಡಾಸ್ಪತ್ರೆಗೆ ಸಾಗಿಸಿದಾಗ.

ಹೋಲಿಕೆಗೆ ಬ್ರಿಟನ್ನನ್ನು ನೋಡಬಹುದು. ಅಲ್ಲಿನ ಸರ್ಕಾರಿ ನೌಕರರ ಮೇಲೆ ಮೈಕೆಲ್ ಮಾರ್ಮಟ್ 1985ರಲ್ಲಿ ಆರಂಭಿಸಿದ ವೈಟ್‌ಹಾಲ್ ಎರಡನೇ ಅಧ್ಯಯನದಲ್ಲಿ ದರ್ಜೆ ಇಳಿದಂತೆ ‘ನನ್ನ ಆರೋಗ್ಯ ಚೆನ್ನಾಗಿಲ್ಲ’ ಎಂದವರು ಹೆಚ್ಚಿದ್ದರು. ಅಲ್ಲಿ ವೈದ್ಯರನ್ನು ಕಾಣಲು ಹಣ ಕೊಡಬೇಕಿಲ್ಲ, ಕಾಯಿಲೆ ಬಿದ್ದರೆ ಅವತ್ತಿನ ಊಟಕ್ಕೆ ಕುತ್ತು ಬರುವುದಿಲ್ಲ. ಹೇಳಿಕೊಳ್ಳುವುದರಿಂದ ನಷ್ಟವಿಲ್ಲದ ಕಡೆ ಕೆಳಗಿನವರು ತಮ್ಮ ನೋವನ್ನು ಇದ್ದದ್ದು ಇದ್ದಂತೆ ಹೇಳುತ್ತಾರೆ ಎಂದು ನಾನು ಇದನ್ನು ಓದಿಕೊಳ್ಳುತ್ತೇನೆ. ಹಾಗಾದರೆ ನಮ್ಮಲ್ಲಿ ಮೊದಲು ಆಗಬೇಕಾದ್ದು ಜಾಗೃತಿ ಭಾಷಣವಲ್ಲ. ಹೇಳಿಕೊಳ್ಳುವುದಕ್ಕೆ ಬಡವರು ತೆರುತ್ತಿರುವ ಬೆಲೆಯನ್ನು ಇಳಿಸುವುದು.

ರಾಜ್ಯದ ಈಗಿನ ಯೋಜನೆಗಳು ಇದನ್ನು ಅರ್ಧ ಮಾತ್ರ ಮಾಡುತ್ತಿವೆ. 2018ರ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ, ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಕೊಡುತ್ತದೆ. ಆದರೆ ಅದರ ಮುಖ್ಯ ಲಾಭ ಸಿಗುವುದು ಕಾಯಿಲೆ ಹಾಸಿಗೆ ಹಿಡಿಸಿದ ಮೇಲೆ. 2024ರಲ್ಲಿ ಕೋಲಾರದಲ್ಲಿ ಶುರುವಾದ ‘ಗೃಹ ಆರೋಗ್ಯ’ ಮನೆಬಾಗಿಲಿಗೆ ಹೋಗಿ ಬಿಪಿ, ಶುಗರ್ ಪರೀಕ್ಷಿಸುವ ಯೋಜನೆ. ದಿಕ್ಕು ಸರಿಯಿದೆ, ಏಕೆಂದರೆ ಅದು ಜನ ಬಂದು ಹೇಳಲಿ ಎಂದು ಕಾಯುವುದಿಲ್ಲ. ಕೂಲಿಗೆ ಹೋದವರು ಮನೆಯಲ್ಲಿ ಸಿಗುವುದು ಸಂಜೆ ಎಂಬುದನ್ನು ಮಾತ್ರ ಅದು ಮರೆಯಬಾರದು. ಉದ್ಯೋಗ ಖಾತರಿ ಕಾಮಗಾರಿಯ ಸ್ಥಳದಲ್ಲೇ ರಕ್ತ ಪರೀಕ್ಷೆ, ವಾರಕ್ಕೆರಡು ಸಂಜೆಯಾದರೂ ಪ್ರಾಥಮಿಕ ಆರೋಗ್ಯ ಕೇಂದ್ರದ ಬಾಗಿಲು ತೆರೆದಿರುವುದು ದುಬಾರಿ ಕೆಲಸಗಳೇನೂ ಅಲ್ಲ.

ದುಬಾರಿಯಾದರೂ ಮಾಡಲೇಬೇಕಾದ್ದು ಕೂಲಿ ನಷ್ಟದ ಪರಿಹಾರ. ಕ್ಷಯರೋಗಿಗಳಿಗೆ ಪೌಷ್ಟಿಕ ಆಹಾರಕ್ಕೆಂದು ಕೊಡುವ ಮಾಸಿಕ ನೆರವನ್ನು ಕೇಂದ್ರ ಸರ್ಕಾರ 2024ರ ನವೆಂಬರ್‌ನಿಂದ 500ರಿಂದ 1,000 ರೂಪಾಯಿಗೆ ಏರಿಸಿತು. ಪಕ್ಕದ ತಮಿಳುನಾಡು 1987ರಿಂದಲೇ ಬಡ ಗರ್ಭಿಣಿಯರ ದುಡಿಮೆಯ ನಷ್ಟವನ್ನು ತುಂಬಲು ನಗದು ಕೊಡುತ್ತಿದೆ. ಕಾಯಿಲೆಗೂ ಹಣದ ಆಸರೆಗೂ ನಂಟಿದೆ ಎಂದು ಸರ್ಕಾರಗಳು ಒಪ್ಪಿಕೊಂಡಾಗಿದೆ ಎಂದಾಯಿತು. ಕಾರ್ಖಾನೆಯ ಕಾರ್ಮಿಕನಿಗೆ ದಶಕಗಳ ಹಿಂದೆಯೇ ಸಿಕ್ಕ ಹಕ್ಕನ್ನು ಹೊಲದ ಕೂಲಿಯವರಿಗೆ ವರ್ಷಕ್ಕೆ ಕೆಲವು ದಿನಗಳ ಮಟ್ಟಿಗಾದರೂ ವಿಸ್ತರಿಸಿದರೆ, ಮೊದಲ ವರ್ಷ ರೋಗಿಗಳ ಸಂಖ್ಯೆ ದಿಢೀರನೆ ಏರಬಹುದು. ಆಗ ಯೋಜನೆ ಸೋತಿತೆಂದು ಯಾರೂ ಹೇಳಬಾರದು. ಅಡಗಿಸಿಟ್ಟಿದ್ದ ಕಾಯಿಲೆ ಲೆಕ್ಕಕ್ಕೆ ಬಂದರೆ ಅದೇ ಯೋಜನೆಯ ಮೊದಲ ಯಶಸ್ಸು.