ರಕ್ತದ ವರದಿ ಸಾಲದೇ?

ಕಳೆದ ತಿಂಗಳು ಗೃಹಿಣಿಯೊಬ್ಬರು ಶ್ವೇತಪ್ರದರದ ಚಿಕಿತ್ಸೆಗೆಂದು ನನ್ನ ಬಳಿ ಬಂದರು. ಎಚ್‌ಐವಿ ಸೋಂಕಿಗೆ ನಾಲ್ಕು ವರ್ಷಗಳಿಂದ ಎಆರ್‌ಟಿ ಮಾತ್ರೆಗಳನ್ನು ತಪ್ಪದೆ ಸೇವಿಸುತ್ತಿರುವವರು. ರಕ್ತದಲ್ಲಿ ವೈರಾಣು ಪತ್ತೆಯಾಗಿಲ್ಲವೆಂಬ ವರದಿ ಕೈಯಲ್ಲಿತ್ತು. ಪತಿಗೆ ಸೋಂಕಿಲ್ಲ. ಆದರೆ ರಕ್ತದಲ್ಲಿಲ್ಲದ ವೈರಾಣು ಯೋನಿಸ್ರಾವದಲ್ಲಿ ಅಡಗಿರುತ್ತದೆಯೆಂದು ಯಾರೋ ಹೇಳಿದ್ದನ್ನು ನಂಬಿ, ಆತ ವರ್ಷದಿಂದ ಬೇರೆ ಕೋಣೆಯಲ್ಲಿ ಮಲಗುತ್ತಿದ್ದಾರೆ. “ಅಲ್ಲೀದೂ ಒಂದು ಟೆಸ್ಟ್ ಮಾಡಿಸಿ ಚೀಟಿ ಕೊಡಸ್ರೀ ಡಾಕ್ಟರಮ್ಮ, ಅವರಿಗೆ ತೋರಸ್ತೀನಿ” ಎಂದರು.

ಆ ಚೀಟಿಯನ್ನು ನಾನು ಕೊಡಿಸಲಿಲ್ಲ. ಕಾರಣವನ್ನು ಅವರ ಒಪ್ಪಿಗೆ ಪಡೆದೇ ಇಲ್ಲಿ ಬರೆಯುತ್ತಿದ್ದೇನೆ.

ಪತಿಯ ಕಿವಿಗೆ ಬಿದ್ದ ಮಾತು ಪೂರ್ತಿ ಸುಳ್ಳಲ್ಲ. ರಕ್ತದಲ್ಲಿ ವೈರಾಣು ಪತ್ತೆಯಾಗದ ಕೆಲವು ಸ್ತ್ರೀಯರ ಸ್ರಾವದಲ್ಲಿ ಅದರ ಆರ್‌ಎನ್‌ಎ ಅಲ್ಪಪ್ರಮಾಣದಲ್ಲಿ ಆಗಾಗ ಕಂಡುಬಂದಿರುವುದುಂಟು. ಆದರೆ ಆ ಅಂಕಿಯನ್ನು ಎಷ್ಟು ನಂಬಬಹುದು? ರಕ್ತವನ್ನು ಅಳತೆಗೆ ತೆಗೆಯುತ್ತೇವೆ. ಒಂದು ಮಿಲಿಲೀಟರ್ ಪ್ಲಾಸ್ಮಾದಲ್ಲಿ ಇಷ್ಟು ಪ್ರತಿಗಳೆಂದರೆ ಅದಕ್ಕೊಂದು ಅರ್ಥವಿದೆ. ಸ್ರಾವ ಹಾಗಲ್ಲ. ಸ್ವಾಬ್ ಕಡ್ಡಿ ಹೀರುವ ದ್ರವದ ಪ್ರಮಾಣ ಪ್ರತಿಸಲವೂ ಬೇರೆ. ಸಲೈನಿನಿಂದ ತೊಳೆದು ಸಂಗ್ರಹಿಸಿದರೆ ಮೂಲಸ್ರಾವ ಎಷ್ಟು ಪಟ್ಟು ತೆಳುವಾಯಿತೆಂದು ಹೇಳುವುದು ಕಷ್ಟ. ಗರ್ಭಕಂಠದ ಮಾದರಿಯೂ ಯೋನಿಯ ಮಾದರಿಯೂ ಒಂದೇ ಫಲಿತಾಂಶ ನೀಡಬೇಕೆಂದಿಲ್ಲ. ಋತುಚಕ್ರದ ದಿನ, ಬೆರೆತಿರಬಹುದಾದ ಮುಟ್ಟಿನ ರಕ್ತ, ಬೇರೆ ಸೋಂಕಿನ ಉರಿಯೂತ, ಇವೆಲ್ಲ ಅಂಕಿಯನ್ನು ಏರಿಳಿಸಬಲ್ಲವು. ಲೋಳೆಯಲ್ಲಿನ ಕೆಲವು ಅಂಶಗಳು ಪಿಸಿಆರ್ ಕ್ರಿಯೆಯನ್ನೇ ತಡೆದು, ಇರುವುದನ್ನೂ ಇಲ್ಲವೆನಿಸುವುದುಂಟು. ಮೇಲಾಗಿ ಪಿಸಿಆರ್ ಎಣಿಸುವುದು ವಂಶವಸ್ತುವಿನ ತುಣುಕುಗಳನ್ನು. ಅವು ಸೋಂಕು ಹರಡಬಲ್ಲ ವೈರಾಣುಗಳೇ ಎಂಬುದನ್ನು ಅದು ತಿಳಿಸದು.

ಇಂದು ‘ಇಲ್ಲ’ ಎಂದ ಚೀಟಿ ಮುಂದಿನ ತಿಂಗಳು ‘ಇದೆ’ ಎಂದರೆ ಆ ಸಂಸಾರದ ಗತಿಯೇನು?

ಸಂಶೋಧಕರಿಗೆ ಈ ಪರೀಕ್ಷೆ ಬೇಕು, ಅಲ್ಲಗಳೆಯುವುದಿಲ್ಲ. ದಂಪತಿಗಳಿಗೆ ರಕ್ತದ ವರದಿಯೇ ಸಾಕೆಂಬುದು ನನ್ನ ದೃಢ ಅಭಿಪ್ರಾಯ. ಯುರೋಪಿನ 14 ದೇಶಗಳಲ್ಲಿ ನಡೆದು 2016ರಲ್ಲಿ ಪ್ರಕಟವಾದ ‘ಪಾರ್ಟ್ನರ್’ ಅಧ್ಯಯನದಲ್ಲಿ ಒಬ್ಬರಿಗೆ ಸೋಂಕಿದ್ದು ಮತ್ತೊಬ್ಬರಿಗಿಲ್ಲದ 888 ಜೋಡಿಗಳಿದ್ದವು. ಆಧಾರವಾಗಿದ್ದದ್ದು ರಕ್ತದ ಅಂಕಿ: 200 ಪ್ರತಿಗಳಿಗಿಂತ ಕಡಿಮೆ. ಕಾಂಡೋಮ್ ಇಲ್ಲದ ಸುಮಾರು 58,000 ಸಮಾಗಮಗಳಲ್ಲಿ ಸಂಗಾತಿಯಿಂದ ಸಂಗಾತಿಗೆ ಸೋಂಕು ತಗುಲಿದ ಒಂದೇ ಒಂದು ನಿದರ್ಶನ ಸಿಗಲಿಲ್ಲ. ಸೋಂಕಿತ ಸ್ತ್ರೀಯರೂ ಅವರಲ್ಲಿದ್ದರು. ಅವರ ಸ್ರಾವದಲ್ಲಿ ಏನಿತ್ತೋ ಏನೋ, ಅದು ಪತಿಯನ್ನು ಮುಟ್ಟಲಿಲ್ಲ. ನಿಯಮಿತವಾಗಿ ಔಷಧ ಸೇವಿಸಿ ವೈರಾಣು ಪತ್ತೆಯಾಗದ ಮಟ್ಟ ತಲುಪಿದವರಿಂದ ಲೈಂಗಿಕವಾಗಿ ಸೋಂಕು ಹರಡದೆಂದು ವಿಶ್ವ ಆರೋಗ್ಯ ಸಂಸ್ಥೆಯೂ 2023ರಲ್ಲಿ ಸ್ಪಷ್ಟಪಡಿಸಿದೆ.

ಆಯುರ್ವೇದ ವೈದ್ಯೆಯಾಗಿಯೇ ಹೇಳುತ್ತೇನೆ: ಶ್ವೇತಪ್ರದರಕ್ಕೆ ನಮ್ಮಲ್ಲಿ ಔಷಧವುಂಟು, ಎಆರ್‌ಟಿಗೆ ಬದಲಿಯಿಲ್ಲ. ಮಾತ್ರೆ ಬಿಟ್ಟರೆ ಮೇಲಿನ ಭರವಸೆಯೂ ಬಿಟ್ಟುಹೋಗುತ್ತದೆ.

ಚೀಟಿಯ ಬದಲು ಪತಿಯನ್ನೇ ಕರೆಸಿದೆ. ಬಹಳ ಹೊತ್ತು ಸುಮ್ಮನೆ ಕುಳಿತಿದ್ದರು. ಬರುವ ಸೋಮವಾರ ಎಆರ್‌ಟಿ ಕೇಂದ್ರದ ಆಪ್ತಸಮಾಲೋಚಕರನ್ನು ಕಾಣಲು ಇಬ್ಬರೂ ಒಟ್ಟಿಗೆ ಹೋಗಲಿದ್ದಾರೆ.