ಸೋಮಾರಿತನವಲ್ಲ, ಮಾತ್ರೆಯ ಮಹಿಮೆ



"ಅಪ್ಪನಿಗೆ ಮನಸ್ಸಿಲ್ಲ, ಅದಕ್ಕೇ ನಡೆಯೋದಿಲ್ಲ." ಲಕ್ವ ಹೊಡೆದ ಹಿರಿಯರಿರುವ ಮನೆಗಳಲ್ಲಿ ಈ ಮಾತು ಕೇಳದವರುಂಟೇ? ನಾವೂ ಆಡಿದವರೇ. ಅದು ತಪ್ಪು, ಕ್ರೂರವೂ ಹೌದು ಎಂದು ಒಪ್ಪಿಕೊಳ್ಳಲೆಂದೇ ಈ ಬರಹ.

2023ರಲ್ಲಿ, ಊರಿನಿಂದ ಅಮೆರಿಕಕ್ಕೆ ನಮ್ಮಲ್ಲಿಗೆ ಬಂದಿದ್ದ ತಂದೆಯವರಿಗೆ ಎಡಭಾಗ ಬಿದ್ದುಹೋಯಿತು. ಕೆಲವೇ ವಾರಗಳಲ್ಲಿ ಕೈಕಾಲು ಕೊರಡಿನಂತೆ ಬಿಗಿಯಿತು. ಸಡಿಲಿಸಲು ಬ್ಯಾಕ್ಲೋಫೆನ್ ಮಾತ್ರೆ ಕೊಟ್ಟರು. ಕೈ ಸಡಿಲವಾಯಿತು, ನಾವು ಹಿಗ್ಗಿದೆವು. ಆದರೆ ಡೋಸ್ ಏರಿಸಿದ ಮೇಲೆ, ವಾಕರ್ ಹಿಡಿದು ಹತ್ತು ಹೆಜ್ಜೆ ಹಾಕುತ್ತಿದ್ದವರಿಗೆ ಎದ್ದು ನಿಂತರೆ ಮಂಡಿ ಕುಸಿಯತೊಡಗಿತು. ಫಿಸಿಯೋಥೆರಪಿಯ ನಡುವೆಯೇ ತೂಕಡಿಕೆ. ನಾವು ಗದರಿದೆವು!

ಆಮೇಲೆ ತಿಳಿಯಿತು: ಬಲ ಕಳೆದುಕೊಂಡ ಕಾಲನ್ನು ಎಷ್ಟೋ ವೇಳೆ ಆ ಬಿಗಿತವೇ ಊರುಗೋಲಿನಂತೆ ನಿಲ್ಲಿಸಿರುತ್ತದೆ. ಮಾತ್ರೆ ಹೆಚ್ಚಾದರೆ ಬಿಗಿತದ ಜೊತೆ ಊರುಗೋಲೂ ಹೋಗುತ್ತದೆ. ಈ ಔಷಧಿ ಹೊರಹೋಗುವುದು ಬಹುಪಾಲು ಮೂತ್ರಪಿಂಡದ ಮೂಲಕ. ವಯಸ್ಸಾಗಿ ಅದು ಕುಂದಿದ್ದರೆ ಮಂಪರು, ಗೊಂದಲ ಇನ್ನೂ ಹೆಚ್ಚು.

ತಪ್ಪು ಯಾರದು? ಡಾಕ್ಟರದೆಂದು ಕೈತೊಳೆದುಕೊಳ್ಳುವುದು ಸುಲಭ. ಅಪ್ಪ ಅಚ್ಚಗನ್ನಡದಲ್ಲಿ ಹೇಳಿದ್ದರು: "ಕಾಲಲ್ಲಿ ಕಸುವೇ ಇಲ್ಲ ಕಣೋ, ಮಾತ್ರೆ ನುಂಗಿದ ಮೇಲೆ ಕಣ್ಣು ಬಿಡಕ್ಕಾಗಲ್ಲ." ನಾವು ಅದನ್ನು ಡಾಕ್ಟರಿಗೆ ಇಂಗ್ಲಿಷಿನಲ್ಲಿ ದಾಟಿಸಿದ್ದೇನು? "ಸ್ವಲ್ಪ ಸುಸ್ತಂತೆ, ಅಷ್ಟೇ." ಆಫೀಸಿಗೆ ಹೊತ್ತಾಗಿತ್ತು ನೋಡಿ!

ಊರಿನಿಂದ ಫೋನಿನಲ್ಲಿ "ಆ ಮಾತ್ರೆ ಬಿಸಾಕಿ" ಎಂದವರೂ ಉಂಟು. ಅದು ಇನ್ನೂ ಅಪಾಯ. ಬ್ಯಾಕ್ಲೋಫೆನ್ ತಟ್ಟನೆ ನಿಲ್ಲಿಸಿದರೆ ಭ್ರಮೆ, ಫಿಟ್ಸ್ ಬರಬಹುದು. ಡಾಕ್ಟರೇ ಮೆಲ್ಲಗೆ ಇಳಿಸಬೇಕು. ಇದೇ ಬಿಗಿತಕ್ಕೆ ಕೊಡುವ ಟಿಜಾನಿಡಿನ್ ನುಂಗುವವರಿಗಂತೂ, ಸೂಟ್‌ಕೇಸಿನಲ್ಲಿ ತಂದ ಸಿಪ್ರೋಫ್ಲಾಕ್ಸಾಸಿನ್ ಕೊಡಲೇಬಾರದು. ರಕ್ತದೊತ್ತಡ ವಿಪರೀತ ಕುಸಿಯಬಹುದು.

ಮಾತ್ರೆಯೇ ಬೇಡವೆಂಬುದು ನಮ್ಮ ವಾದವಲ್ಲ. ಕೊನೆಗೆ ಎಚ್ಚರಿಸಿದವರು ಫಿಸಿಯೋಥೆರಪಿಸ್ಟ್. ಡಾಕ್ಟರು ಡೋಸ್ ತಗ್ಗಿಸಿದ ಮೇಲೆ ಅಪ್ಪ ಮತ್ತೆ ಹೆಜ್ಜೆಯಿಟ್ಟರು. ಆದರೆ ನಮ್ಮ ಗದರಿಕೆಯನ್ನು ಹಿಂದಕ್ಕೆ ಪಡೆಯುವುದು ಹೇಗೆ?

ಫೆಡರಲ್ ನೆರವು ಪಡೆಯುವ ಇಲ್ಲಿನ ಆಸ್ಪತ್ರೆಗಳು ಪುಕ್ಕಟೆಯಾಗಿ ದುಭಾಷಿಯನ್ನು ಒದಗಿಸಬೇಕೆಂಬ ಕಾನೂನಿದೆ. ಕನ್ನಡದವರು ಬೇಕೆಂದು ಸಂಕೋಚವಿಲ್ಲದೆ ಕೇಳಿ. ಮಾತ್ರೆ ಕೊಟ್ಟ ವೇಳೆ, ತೂಕಡಿಸಿದ ವೇಳೆ, ಬಿದ್ದ ದಿನ, ಎಲ್ಲವನ್ನೂ ಬರೆದಿಟ್ಟು ತೋರಿಸಿ. ರಾಜ್ಯೋತ್ಸವದ ವೇದಿಕೆಯಲ್ಲಿ ಕನ್ನಡ ಉಳಿಸೋಣ ಎನ್ನುವ ನಾವು, ಮೊದಲು ಹೆತ್ತವರ ಕನ್ನಡವನ್ನು ಡಾಕ್ಟರ ಕೋಣೆಯಲ್ಲಿ ನುಂಗದೆ ಉಳಿಸೋಣ.