ಹುಡುಗಾಟವೆಂಬ ಪಠ್ಯ: ಉತ್ತರ ಕನ್ನಡದ ನಾಲ್ಕು ತಾಲೂಕುಗಳ ವಿದ್ಯಾರ್ಥಿಲೋಕ

ಕನ್ನಡದ ‘ಹುಡುಗಾಟ’ ಎಂಬ ಸಮಾಸವು ತನ್ನ ರಚನೆಯಲ್ಲಿ ಹುಡುಗರ ಆಟವನ್ನಷ್ಟೇ ಸೂಚಿಸುತ್ತದೆ. ಬಳಕೆಯಲ್ಲಿ ಮಾತ್ರ ಅದು ಗದರಿಕೆಯ ಮಾತಾಗಿ ನಿಂತಿದೆ. ದೊಡ್ಡವರ ಹೊಣೆಗೇಡಿತನವನ್ನು ಕಂಡು ‘ಇದೇನು ಹುಡುಗಾಟವೇ’ ಎಂದು ಕೇಳುವ ಸಮಾಜವು ಹುಡುಗರ ಆಟವನ್ನು ಎಲ್ಲಿರಿಸಿದೆ ಎಂಬುದು ಆ ಪ್ರಶ್ನೆಯಲ್ಲಿಯೇ ಅಡಗಿದೆ. ‘ವಿನೋದ’ ಗ್ರಂಥಸ್ಥವಾಯಿತು. ಅರಬ್ಬಿಯಲ್ಲಿ ಅಲೆಯನ್ನು ಹೇಳುವ ‘ಮೌಜ್’ ಎಂಬುದರಿಂದ ಬಂದ ‘ಮೋಜು’ ಇಂದು ‘ಮೋಜು ಮಸ್ತಿ’ಯ ಜೋಡಿಯಲ್ಲಿ ಸಂಶಯಕ್ಕೆ ಗುರಿಯಾಗಿದೆ. ಕನ್ನಡ ಅಧ್ಯಯನವೂ ಈ ಸಂಶಯದಿಂದ ಹೊರತಾಗಿಲ್ಲ. ಮದುವೆಯ ಹಾಡು, ಬೀಸುವ ಪದ, ಸುಗ್ಗಿಯ ಕುಣಿತಗಳನ್ನು ಶ್ರದ್ಧೆಯಿಂದ ಸಂಗ್ರಹಿಸಿದ ಜಾನಪದ ವಿದ್ವತ್ತು ಶಾಲೆಯ ಪಡಸಾಲೆಯಲ್ಲಿ, ವಸತಿನಿಲಯದ ಜಗಲಿಯಲ್ಲಿ, ಬಸ್ಸಿನ ಹಿಂದಿನ ಆಸನದಲ್ಲಿ ದಿನವೂ ಹುಟ್ಟುವ ನಗೆಯನ್ನು ಸಂಗ್ರಹಯೋಗ್ಯವೆಂದು ಬಗೆದದ್ದು ವಿರಳ.

ಈ ಅಲಕ್ಷ್ಯದಿಂದ ಆಗುವ ನಷ್ಟವು ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ತಾಲೂಕುಗಳಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಇಲ್ಲಿಯ ಬಹಳಷ್ಟು ಮಕ್ಕಳಿಗೆ ಕನ್ನಡ ಮನೆಮಾತಲ್ಲ. ಹಳಿಯಾಳದ ಊರುಗಳಲ್ಲಿ ಮರಾಠಿ ವ್ಯಾಪಕವಾಗಿದೆ. ಜೋಯಿಡಾದ ಕುಣಬಿಗಳದು ಕೊಂಕಣಿಯ ಒಂದು ರೂಪ. ಗೌಳಿಗಳದು ಮರಾಠಿಯ ಇನ್ನೊಂದು ರೂಪ. ಸಿದ್ದಿ ಸಮುದಾಯವು ತನ್ನದೇ ಛಾಯೆಯ ಕೊಂಕಣಿಯನ್ನು ಆಡುತ್ತದೆ. ೧೯೫೫ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ದಾಂಡೇಲಿಗೆ ಅನೇಕ ರಾಜ್ಯಗಳ ಕಾರ್ಮಿಕರನ್ನು ಕರೆತಂದಿತು. ತೆಲುಗು, ತಮಿಳು, ಮಲಯಾಳ, ಹಿಂದಿ, ಉರ್ದುಗಳು ಅಲ್ಲಿ ಒಂದೇ ನಲ್ಲಿಯ ಸಾಲಿನಲ್ಲಿ ನಿಂತವು. ಮುಂಡಗೋಡದಲ್ಲಿ ೧೯೬೬ರಿಂದ ಟಿಬೆಟನ್ನರ ನೆಲೆಯಿದೆ. ಇಂತಹ ಪ್ರದೇಶದಲ್ಲಿ ಪಠ್ಯಪುಸ್ತಕವು ಮಗುವಿಗೆ ಕನ್ನಡದ ಲಿಪಿಯನ್ನೂ ವಾಕ್ಯವನ್ನೂ ಕೊಡಬಲ್ಲದು. ಕನ್ನಡವನ್ನು ಬಾಯಿಮಾತಾಗಿ, ಜಗಳವಾಗಿ, ನಗೆಯಾಗಿ ಕೊಡುವುದು ಹುಡುಗಾಟವೇ.

ಲಗೋರಿಯಲ್ಲಿ ಔಟಾದ ಹುಡುಗನೊಬ್ಬ ತಾನು ಔಟಾಗಿಲ್ಲವೆಂದು ವಾದಿಸುವ ಸಂದರ್ಭವನ್ನು ಗಮನಿಸಬಹುದು. ಚೆಂಡು ಮೈಗೆ ತಾಗಲಿಲ್ಲ, ಅಂಗಿಗೆ ತಾಗಿತು; ಅಂಗಿಗೆ ತಾಗಿದರೆ ಔಟಲ್ಲವೆಂದು ನಿನ್ನೆ ನೀನೇ ಹೇಳಿದ್ದೆ; ಬೇಕಾದರೆ ಅವನನ್ನು ಕೇಳು. ಈ ಮೂರು ಮಾತುಗಳಲ್ಲಿ ನಿಷೇಧರೂಪ, ಪಕ್ಷಾರ್ಥಕ ರೂಪ, ಉದ್ಧರಣೆ, ಸಾಕ್ಷಿಯ ಆಹ್ವಾನ ಎಲ್ಲವೂ ಬಂದುಹೋದವು. ಎರಡನೆಯ ತರಗತಿಯ ಪಾಠವು ಇನ್ನೂ ‘ಇದು ಮರ, ಅದು ಮನೆ’ ಎಂಬಲ್ಲಿ ಇರುವಾಗ ಮೈದಾನವು ವ್ಯಾಕರಣದ ಮುಕ್ಕಾಲು ಭಾಗವನ್ನು ದಾಟಿರುತ್ತದೆ. ನಡುವೆ ಕೊಂಕಣಿಯ ಆಣೆಯೊಂದು, ಮರಾಠಿಯ ಬೈಗುಳವೊಂದು ಸೇರಿಕೊಂಡರೆ ಅಧ್ಯಾಪಕರು ಅದನ್ನು ‘ಅಶುದ್ಧ’ವೆಂದು ತಿದ್ದುತ್ತಾರೆ. ತಿದ್ದುವುದು ಅವರ ವೃತ್ತಿಧರ್ಮ, ನಿಜ. ಆದರೆ ಎಲ್ಲಿ ತಿದ್ದಬೇಕು, ಎಲ್ಲಿ ಕೇಳಿಸದಂತೆ ಮುಂದೆ ಹೋಗಬೇಕು ಎಂಬ ವಿವೇಕವೂ ಆ ವೃತ್ತಿಗೆ ಸೇರಿದ್ದೇ. ಇಂಗ್ಲೆಂಡಿನಲ್ಲಿ ಐಯೋನಾ ಮತ್ತು ಪೀಟರ್ ಓಪಿ ದಂಪತಿಗಳು ಶಾಲಾಮಕ್ಕಳ ಅಡ್ಡಹೆಸರು, ಒಗಟು, ಕುಚೋದ್ಯ, ಆಣೆಭಾಷೆಗಳನ್ನು ಕಲೆಹಾಕಿ ೧೯೫೯ರಲ್ಲಿಯೇ ಬೃಹತ್ ಗ್ರಂಥವೊಂದನ್ನು ಹೊರತಂದರು. ಒಂದು ಭಾಷೆಯ ಮಕ್ಕಳಿಗೇ ಅಷ್ಟು ಸಾಮಗ್ರಿ ದೊರೆತಿದ್ದರೆ, ಐದಾರು ಭಾಷೆಗಳು ಕೂಡುವ ಈ ಅಂಗಳಗಳಲ್ಲಿ ದೊರೆಯಬಹುದಾದದ್ದನ್ನು ಊಹಿಸುವುದು ಕಷ್ಟವೇನಲ್ಲ.

ಮನೆಮಾತು ಬೇರೆಯಾದವರು ಕನ್ನಡಕ್ಕೆ ಆಟದ ದಾರಿಯಿಂದ ಬರುವುದು ಹೊಸ ಸಂಗತಿಯೂ ಅಲ್ಲ. ಕನ್ನಡ ಶಿಶುಸಾಹಿತ್ಯಕ್ಕೆ ಅಡಿಪಾಯ ಹಾಕಿದ ಪಂಜೆ ಮಂಗೇಶರಾಯರ ಮನೆಮಾತು ಕೊಂಕಣಿ. ಅವರು ಅಧ್ಯಾಪಕರೂ ಶಾಲಾ ಇನ್ಸ್‌ಪೆಕ್ಟರರೂ ಆಗಿದ್ದರು. ಪದದೊಡನೆ ಆಡುವುದನ್ನೇ ಕಾವ್ಯಧರ್ಮವಾಗಿಸಿಕೊಂಡ ದ.ರಾ. ಬೇಂದ್ರೆಯವರ ಮನೆಮಾತು ಮರಾಠಿ. ಹಳಿಯಾಳದ ಮರಾಠಿ ಹುಡುಗನ, ಜೋಯಿಡಾದ ಕೊಂಕಣಿ ಹುಡುಗಿಯ ಕನ್ನಡದ ಬಗೆಗೆ ಅವಸರದ ತೀರ್ಪು ಕೊಡುವವರು ಈ ಎರಡು ಹೆಸರುಗಳನ್ನು ನೆನೆಯುವುದು ಒಳಿತು.

ವಿದ್ವತ್ತಿಗೂ ನಗೆಗೂ ಹಗೆ ಎಂಬ ನಂಬಿಕೆಯನ್ನು ಪರೀಕ್ಷಿಸಲು ಮುಂಡಗೋಡದಷ್ಟು ತಕ್ಕ ಸ್ಥಳ ಕರ್ನಾಟಕದಲ್ಲಿ ಅಪರೂಪ. ಟಿಬೆಟಿನಲ್ಲಿ ೧೪೦೯ರಲ್ಲಿ ಸ್ಥಾಪನೆಗೊಂಡ ಗಾಂದೆನ್, ೧೪೧೬ರಲ್ಲಿ ಸ್ಥಾಪನೆಗೊಂಡ ದ್ರೆಪುಂಗ್ ಎಂಬ ಮಹಾವಿಹಾರಗಳು ಗಡಿಪಾರಾದ ಬಳಿಕ ಇಲ್ಲಿ ಮರುಹುಟ್ಟು ಪಡೆದಿವೆ. ಅಲ್ಲಿಯ ಅಧ್ಯಯನಕ್ರಮದ ಕೇಂದ್ರವೇ ಅಂಗಳದ ವಾದ. ಉತ್ತರಿಸುವವನು ನೆಲದ ಮೇಲೆ ಕುಳಿತಿರುತ್ತಾನೆ. ಪ್ರಶ್ನಿಸುವವನು ನಿಂತು, ಪ್ರಶ್ನೆಯ ಕೊನೆಗೆ ಕಾಲನ್ನು ನೆಲಕ್ಕೆ ಅಪ್ಪಳಿಸಿ ಅಂಗೈಗೆ ಅಂಗೈ ತಟ್ಟುತ್ತಾನೆ. ಉತ್ತರಿಸುವವನು ತನ್ನ ಮಾತಿಗೇ ವಿರೋಧವಾಗಿ ನುಡಿದು ಸಿಕ್ಕಿಬಿದ್ದರೆ ಸುತ್ತಲಿನವರು ಕೂಗಿ ಕೆಣಕುತ್ತಾರೆ, ನಗುತ್ತಾರೆ. ಸೋತವನೂ ಕೆಲವೊಮ್ಮೆ ನಗುತ್ತಾನೆ. ವಾದದ ವಸ್ತುವಾದರೋ ದಿಙ್ನಾಗ, ಧರ್ಮಕೀರ್ತಿಗಳ ಪ್ರಮಾಣಶಾಸ್ತ್ರ. ಹಗಲು ಕಂಠಪಾಠ ಮಾಡಿದ ಕಿರಿಯ ಭಿಕ್ಷುವಿಗೆ ಪಾಠವು ಮೈಗೆ ಇಳಿಯುವುದು ಈ ಗದ್ದಲದಲ್ಲಿ. ಇದನ್ನು ನೋಡಲು ಬರುವ ಪ್ರವಾಸಿಗರು ಚಪ್ಪಾಳೆಯ ಚಿತ್ರ ತೆಗೆದುಕೊಂಡು ಹಿಂತಿರುಗುತ್ತಾರೆ. ಅದೇ ತಾಲೂಕಿನ ಕನ್ನಡ ಶಾಲೆಗಳಲ್ಲಿ ‘ಗದ್ದಲ ಮಾಡಿದವರ ಹೆಸರು’ ಇಂದಿಗೂ ಕರಿಹಲಗೆಯ ಮೂಲೆಯನ್ನು ಸೇರುತ್ತದೆ.

ಸಂತಸವನ್ನು ಶಾಲೆಯೊಳಗೆ ತರುವ ಪ್ರಯತ್ನಗಳು ನಡೆದಿಲ್ಲವೆಂದಲ್ಲ. ಯಶಪಾಲ್ ಸಮಿತಿಯು ೧೯೯೩ರಲ್ಲಿ ಹೊರೆಯಿಲ್ಲದ ಕಲಿಕೆಯ ಮಾತನ್ನಾಡಿತು. ಹೆಗ್ಗಡದೇವನಕೋಟೆಯಲ್ಲಿ ೧೯೯೫ರಲ್ಲಿ ಆರಂಭವಾದ ‘ನಲಿ-ಕಲಿ’ ಮುಂದೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ವಿಸ್ತರಿಸಿತು. ಆದರೆ ನಲಿವು ವೇಳಾಪಟ್ಟಿಯನ್ನು ಸೇರಿದ ಕೂಡಲೇ ಅದಕ್ಕೂ ನಮೂನೆ, ವಹಿ, ಅಂಕಗಳು ಅಂಟಿಕೊಂಡವು. ‘ಪ್ರತಿಭಾ ಕಾರಂಜಿ’ಯಲ್ಲಿ ಹಾಡುವ ಮಗು ಹಾಡುವುದು ತೀರ್ಪುಗಾರರಿಗಾಗಿ. ಆಟದ ವಿಷಯದಲ್ಲಿ ಸಿದ್ದಿ ಸಮುದಾಯದ ಅನುಭವ ಇನ್ನೂ ಕಹಿಯಾದುದು. ೧೯೮೦ರ ದಶಕದ ಉತ್ತರಾರ್ಧದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರವು ಆಫ್ರಿಕನ್ ಮೂಲದವರೆಂಬ ಕಾರಣದಿಂದ ಸಿದ್ದಿ ಮಕ್ಕಳನ್ನು ಪದಕದ ಆಸೆಯಿಂದ ಆಯ್ದು ತರಬೇತಿಗೆ ಕರೆದೊಯ್ದಿತು. ಕೆಲವೇ ವರ್ಷಗಳಲ್ಲಿ ಆ ಯೋಜನೆ ನಿಂತುಹೋಯಿತು. ಕಾಡಿನಂಚಿನಲ್ಲಿ ಯಾರ ಅಪ್ಪಣೆಯೂ ಇಲ್ಲದೆ ಓಡುತ್ತಿದ್ದ ಮಕ್ಕಳ ಓಟಕ್ಕೆ ಗಡಿಯಾರ ಕಟ್ಟಿ, ಬಳಿಕ ಗಡಿಯಾರವನ್ನು ಕಿತ್ತುಕೊಂಡಂತಾಯಿತು. ಆಟವನ್ನು ಫಲದಿಂದಷ್ಟೇ ಅಳೆಯುವ ಸಂಸ್ಥೆಗಳಿಗೆ ಫಲ ಬಾರದಿದ್ದಾಗ ಆಡುವವರೂ ಬೇಡವಾಗುತ್ತಾರೆ.

ಇಲ್ಲಿಯ ವಿದ್ಯಾರ್ಥಿಗಳ ನಿಜವಾದ ವಿನೋದಶಾಲೆ ದಾರಿ. ಜೋಯಿಡಾದ ಚದುರಿದ ಹಳ್ಳಿಗಳಲ್ಲಿ ಮನೆಗೂ ಶಾಲೆಗೂ ನಡುವಿನ ಕಾಡುದಾರಿಯಲ್ಲಿ ಬೇಸಿಗೆಗೆ ಕವಳಿ, ನೇರಳೆ; ಮಳೆಗಾಲಕ್ಕೆ ಉಂಬಳ ಕೀಳುವ ಪಂದ್ಯ. ಯಾರ ಕಾಲಿಗೆ ಎಷ್ಟು ಉಂಬಳ ಹತ್ತಿತೆಂಬ ಲೆಕ್ಕವು ಮಗ್ಗಿಗಿಂತ ಚುರುಕಾಗಿ ನಡೆಯುತ್ತದೆ. ಪದವಿಪೂರ್ವ ತರಗತಿಗೆ ಬಂದವರಿಗೆ ದಾರಿ ಎಂದರೆ ಬಸ್ಸು. ತಡವಾಗಿ ಬರುವ ಬಸ್ಸಿಗೆ, ಗೇರ್ ಬದಲಿಸುವಾಗ ಅದು ಮಾಡುವ ಸದ್ದಿಗೆ, ಕಂಡಕ್ಟರರ ಮಾತಿನ ಧಾಟಿಗೆ ಹೆಸರಿಡುವ ಸೃಜನಶೀಲತೆಯನ್ನು ಯಾವ ಪ್ರಬಂಧಸ್ಪರ್ಧೆಯೂ ಹೊರತರಲಾರದು.

ಹುಡುಗಿಯರ ಮಟ್ಟಿಗೆ ಈ ದಾರಿಯ ಬೆಲೆ ಹೆಚ್ಚು. ‘ಹುಡುಗಾಟ’ಕ್ಕೆ ಸಮನಾದ, ಹುಡುಗಿಯರ ಆಟವನ್ನು ಹೇಳುವ ಪದವೊಂದು ಕನ್ನಡದಲ್ಲಿ ರೂಢಿಗೆ ಬಾರದಿದ್ದುದು ಆಕಸ್ಮಿಕವಲ್ಲ. ಮನೆಯಲ್ಲಿ ಗಟ್ಟಿಯಾಗಿ ನಗುವುದಕ್ಕೂ ನಿರ್ಬಂಧವಿರುವ ಹದಿನೇಳರ ಹುಡುಗಿಗೆ ಬಸ್ಸಿನ ಅರ್ಧ ಗಂಟೆಯೇ ದಿನದ ಬಿಡುವು. ೨೦೨೩ರ ಜೂನ್‌ನಲ್ಲಿ ಜಾರಿಗೆ ಬಂದ ‘ಶಕ್ತಿ’ ಯೋಜನೆಯನ್ನು ಚರ್ಚಿಸಿದವರು ಟಿಕೆಟ್ಟಿನ ಉಳಿತಾಯವನ್ನು ಲೆಕ್ಕಹಾಕಿದರು. ಗೆಳತಿಯೊಡನೆ ಪಕ್ಕದ ಊರಿನ ಸಂತೆಗೋ ಜಾತ್ರೆಗೋ ಹೋಗಿಬರುವ ಸಲುಗೆ ಆ ಲೆಕ್ಕದಲ್ಲಿ ಬರಲಿಲ್ಲ. ಪದವಿ ಮುಗಿದ ಮೇಲೆ ಹುಡುಗರು ಗೋವಾ, ಹುಬ್ಬಳ್ಳಿ, ಬೆಳಗಾವಿಗಳ ಕೆಲಸಕ್ಕೆ ಚದುರುತ್ತಾರಾದರೂ ಹಬ್ಬಕ್ಕೆ ಬಂದಾಗ ಹಳೆಯ ಗುಂಪು ಕೂಡುತ್ತದೆ. ಮದುವೆಯಾಗಿ ಹೋದ ಹುಡುಗಿಯರ ಗುಂಪು ಹಾಗೆ ಮತ್ತೆ ಕೂಡುವುದು ಕಡಿಮೆ.

ದಾಂಡೇಲಿಯ ಯುವಕರಿಗೆ ಇನ್ನೊಂದು ದಾರಿ ತೆರೆದಿದೆ. ಕಾಳಿ ನದಿಯ ರಾಫ್ಟಿಂಗ್, ಅದರ ಸುತ್ತಲಿನ ರೆಸಾರ್ಟುಗಳು ಬೆಂಗಳೂರು, ಪುಣೆಗಳಿಂದ ಬರುವವರಿಗೆ ಮೋಜನ್ನು ಮಾರುತ್ತವೆ. ಹುಟ್ಟು ಹಿಡಿಯುವವರಲ್ಲಿ ಸ್ಥಳೀಯ ಹುಡುಗರಿದ್ದಾರೆ. ಬಾಲ್ಯದಲ್ಲಿ ಹೊಳೆಗೆ ಇಳಿದುದಕ್ಕೆ ಏಟು ತಿಂದವರು ಈಗ ಹೊಳೆಗೆ ಇಳಿಸಿ ಸಂಬಳ ಪಡೆಯುತ್ತಾರೆ. ಆ ತೆಪ್ಪವನ್ನು ತೇಲಿಸುವ ನೀರು ಸೂಪಾ ಅಣೆಕಟ್ಟಿನಿಂದ ಬಿಡುವ ನೀರು. ಅದೇ ಅಣೆಕಟ್ಟು ಸೂಪಾ ಊರನ್ನು ಅದರ ಶಾಲೆ, ಪೇಟೆ, ಅಂಗಳಗಳೊಡನೆ ಮುಳುಗಿಸಿತು. ತಾಲೂಕು ಕೇಂದ್ರವು ಜೋಯಿಡಾಕ್ಕೆ ಬಂದಿತು. ರಾಮನಗರ ಮೊದಲಾದೆಡೆ ನೆಲೆಗೊಂಡ ಕುಟುಂಬಗಳ ಹಿರಿಯರು ಮುಳುಗಡೆಯನ್ನು ನೆನೆಯುವಾಗ ಗದ್ದೆ, ದೇವಸ್ಥಾನಗಳ ಹೆಸರು ಹೇಳುತ್ತಾರೆ. ಅಲ್ಲಿ ಮಕ್ಕಳು ಆಡುತ್ತಿದ್ದ ಆಟಗಳ ಹೆಸರನ್ನು ಅವರಲ್ಲಿ ಕೇಳಿ ಬರೆದಿಡಬೇಕಿತ್ತು.

ಈ ಕೆಲಸಕ್ಕೆ ಹೊರಗಿನ ವಿದ್ವಾಂಸರು ಬೇಕಾಗಿಲ್ಲ. ಈ ತಾಲೂಕುಗಳಿಂದ ಧಾರವಾಡಕ್ಕೆ ಕನ್ನಡ ಎಂ.ಎ. ಓದಲು ಬರುವ ವಿದ್ಯಾರ್ಥಿಗಳು ಇದೇ ನಗೆಯಲ್ಲಿ ಬೆಳೆದವರು. ಕಿರುಪ್ರಬಂಧಕ್ಕೆ ವಿಷಯ ಆಯ್ದುಕೊಳ್ಳುವಾಗ ಅವರಿಗೆ ವಚನ, ಕೀರ್ತನೆ, ನವ್ಯದ ಪಟ್ಟಿಯನ್ನು ಮುಂದಿಡುವ ವಿಭಾಗಗಳು, ಅವರ ಊರಿನ ಶಾಲೆಯ ಅಡ್ಡಹೆಸರುಗಳನ್ನೂ ಎಣಿಕೆಯ ಪ್ರಾಸಗಳನ್ನೂ ಬೆರಕೆಮಾತಿನ ಚೇಷ್ಟೆಗಳನ್ನೂ ವಿಷಯವೆಂದು ಒಪ್ಪಬೇಕು. ತಡಮಾಡಲು ಕಾಲವಿಲ್ಲ. ಕಾಡಂಚಿನ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ಕುಸಿಯುತ್ತಿದೆ. ಲಗೋರಿಗೆ ಎರಡು ಬಣ ಕಟ್ಟುವಷ್ಟು ಮಕ್ಕಳೂ ಇಲ್ಲದ ಅಂಗಳಗಳಿಂದಲೇ ಈ ಸಂಗ್ರಹ ಮೊದಲಾಗಬೇಕಾಗಿದೆ.